ಹಂಡೆ ಸಿನೆಮಾ

ಟಕಟಕ ಟಕಟಕ ಟಕ್. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಟಕಟಕ ಟಕಟಕ ಟಕ್. ಚಿಕ್ಕಪ್ಪನ ಪ್ರೊಜೆಕ್ಟರಿನ ಒಳಗಿನ ಚಕ್ರಕ್ಕೆ ಒಂದು ಹಲ್ಲು ಮುರಿದಿತ್ತು. ಹಿಡಿ ತಿರುಗಿಸುವಾಗ ಪ್ರತಿ ಸುತ್ತಿಗೂ ಆ ಹಲ್ಲಿನ ಜಾಗಕ್ಕೆ ಬಂದಾಗ ಸದ್ದು ಎಡವುತ್ತಿತ್ತು, ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟಿನ ಮೇಲೆ ನಡೆಯುತ್ತಿದ್ದ ಮನುಷ್ಯರೂ ಎಡವುತ್ತಿದ್ದರು. ಅವರ ದೇಶದಲ್ಲಿ ಎಲ್ಲರೂ ನಡೆಯುವುದೇ ಹಾಗೆ ಎಂದು ನಾನು ಬಹಳ ದಿನ ನಂಬಿದ್ದೆ. ಆ ಸದ್ದು ಕೇಳಿಸದಿದ್ದವಳು ನಮ್ಮ ಮನೆಯಲ್ಲಿ ಒಬ್ಬಳೇ, ನನ್ನ ದೇವಕ್ಕಿ ಅತ್ತೆ. ಏಳು ವರ್ಷದವಳಿದ್ದಾಗ ಬಂದ ಜ್ವರ ಅವಳ ಎರಡು ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಆದರೆ ಪ್ರೊಜೆಕ್ಟರ್ ಇಟ್ಟ ಮೇಜಿನ ಮೇಲೆ ಅಂಗೈ ಊರಿಕೊಂಡು ಕೂತರೆ ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು, ರೀಲು ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲಾಯಿತು ಎಂದು.

“ನಿಂತರೆ ನಂಗೆ ಗೊತ್ತಾದೆ,” ಅನ್ನುತ್ತಿದ್ದಳು ತನ್ನ ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ. “ಕಿವಿ ಎಂತಕೆ?”

ಇದನ್ನೆಲ್ಲ ಈಗ ನನ್ನಿಂದ ಬರೆಸುತ್ತಿರುವುದು ಮೊಮ್ಮಗಳು ತನ್ವಿಯ ಒಂದು ಮಾತು. ರಜೆಗೆ ಬಂದಾಗ ಅವಳು ಸೋಫಾದಲ್ಲಿ ನನಗೆ ಒರಗಿ ಕೂತು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಟ್ಯಾಬ್‌ನಲ್ಲಿ ಜಪಾನಿನ ಕಾರ್ಟೂನು ನೋಡುತ್ತಾಳೆ. ಕಾರ್ಟೂನ್ ಎಂದರೆ ಸಿಟ್ಟು, ಅನಿಮೆ ಎನ್ನಬೇಕು. ಸದ್ದೆಲ್ಲ ಅವಳ ಕಿವಿಗೆ, ನನ್ನ ಪಾಲಿಗೆ ಅದು ಮೂಕಿ ಚಿತ್ರ. ಸಿನೆಮಾ ನೋಡುವುದಕ್ಕಿಂತ ಅದರ ಬಗ್ಗೆ ಜನ ಬರೆದದ್ದನ್ನು ಓದುವುದರಲ್ಲಿ ಅವಳಿಗೆ ಹೆಚ್ಚು ಇಂಟರೆಸ್ಟ್. ಮೊನ್ನೆ ಯಾವುದೋ ನೂರು ವರ್ಷ ಹಳೆಯ ಮೂಕಿ ಸೈನ್ಸ್ ಫಿಕ್ಷನ್ ಚಿತ್ರದ ಕೆಳಗೆ ಬರೆದಿದ್ದ ಅಭಿಪ್ರಾಯಗಳನ್ನು ನನಗೆ ಓದಿ ಹೇಳಿದಳು. ಒಬ್ಬ, ಮಾಸ್ಟರ್‌ಪೀಸ್ ಎಂದಿದ್ದ. ಒಬ್ಬಳಿಗೆ ಅರ್ಧ ಗಂಟೆಯಲ್ಲಿ ನಿದ್ದೆ ಬಂತಂತೆ. ಇನ್ನೊಬ್ಬ, ಜಪಾನಿನವರ ಯಂತ್ರದ ಹುಡುಗಿಯರೆಲ್ಲ ಈ ಚಿತ್ರದ ಮೊಮ್ಮಕ್ಕಳು ಎಂದು ಬರೆದಿದ್ದ. ಅಷ್ಟರಲ್ಲಿ ಟ್ಯಾಬ್‌ನಲ್ಲಿ ಬೆನ್ನಿಗೆ ಯಂತ್ರದ ರೆಕ್ಕೆ ಕಟ್ಟಿಕೊಂಡ ಹುಡುಗಿಯೊಬ್ಬಳು ಹಾರುವ ಮೊದಲು ಹಿಂದಿರುಗಿ ಏನೋ ಹೇಳಿದಳು. ನಾನು ಆ ಬಾಯಿಯನ್ನೇ ನೋಡುತ್ತಿದ್ದೆ.

“ಅವಳು ಈಗ ಎಂತ ಹೇಳಿದ್ದು?” ಎಂದೆ.

“ಬಾಯಿ ನೋಡಿದರೆ ಗೊತ್ತಾಗಲ್ಲ ಅಜ್ಜಿ. ಇದರಲ್ಲಿ ಬಾಯಿಗೆ ಮೂರೇ ಡ್ರಾಯಿಂಗ್ ಇರೋದು. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಅದನ್ನೇ ತಿರುಗಿಸಿ ತಿರುಗಿಸಿ ಹಾಕ್ತಾರೆ. ಮಾತು ಯಾವುದು ಬೇಕಾದರೂ ಆಗಬಹುದು.”

ಮಾತು ಯಾವುದು ಬೇಕಾದರೂ ಆಗಬಹುದು. ಹದಿಮೂರು ವರ್ಷದ ಹುಡುಗಿ ಚಿಪ್ಸ್ ತಿನ್ನುತ್ತಾ ಹೇಳಿದ ಮಾತು. ನಾನು ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತೆ.

ನಮ್ಮ ಮನೆ ಇದ್ದದ್ದು ನಾಪೋಕ್ಲಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿ. ಕೆಳಗೆ ಗದ್ದೆ, ಮೇಲೆ ಕಾಫಿ, ನಡುವೆ ಮನೆ. ಕೊಡಗು ಮೈಸೂರಿಗೆ ಸೇರಿ ಸ್ವಲ್ಪ ಕಾಲವಾಗಿತ್ತು. ಅಪ್ಪ ಪೇಪರ್ ಓದಿ ಅದರ ಬಗ್ಗೆ ಗೊಣಗುತ್ತಿದ್ದದ್ದು ಬಿಟ್ಟರೆ ನಮಗೆ ಅದರಿಂದ ಏನೂ ವ್ಯತ್ಯಾಸವಾದ ನೆನಪಿಲ್ಲ. ವ್ಯತ್ಯಾಸವಾದದ್ದು ಪಕ್ಕದ ಎಸ್ಟೇಟಿನ ದೊರೆ ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೋದಾಗ. ಬಂಗಲೆಯ ಸಾಮಾನು ಹರಾಜಾಯಿತು. ಅವ್ವ ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದು ಒಂದು ಮಾಂಸದ ಗ್ರೈಂಡರ್ ತರಲು. ಸೋಮಯ್ಯ ಚಿಕ್ಕಪ್ಪ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಹಿಡಿದು ಪಕ್ಕದವರ ಗಡಿಯಾರದವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸುವವರು, ತಂದದ್ದು ಕೈಯಿಂದ ತಿರುಗಿಸುವ ಈ ಪ್ರೊಜೆಕ್ಟರ್ ಮತ್ತು ನಾಲ್ಕು ಡಬ್ಬಿ ರೀಲು. “ಇದರಲ್ಲಿ ಹಂದಿಮಾಂಸ ಅರೆಯುಕೆ ಆದೆಯಾ ಸೋಮಯ್ಯ?” ಎಂದು ಅವ್ವ ಕೇಳಿದಳಂತೆ. ಆ ಮಾತು ಮನೆಯಲ್ಲಿ ಗಾದೆಯಾಯಿತು. ಯಾರು ಏನು ಕೆಲಸಕ್ಕೆ ಬಾರದ್ದು ತಂದರೂ, ಹಂದಿಮಾಂಸ ಅರೆಯುಕೆ ಆದೆಯಾ?

ನಾಲ್ಕು ಡಬ್ಬಿಯಲ್ಲಿ ಇದ್ದದ್ದು ಒಂದೇ ಚಿತ್ರ. ಮೂಕಿ. ಹೆಸರಿದ್ದ ತುಂಡೂ ಕೊನೆಯ ತುಂಡೂ ದೊರೆಯ ಕಾಲದಲ್ಲೇ ಕಳೆದುಹೋಗಿದ್ದವು. ಗಡ್ಡದ ಒಬ್ಬ ವಿಜ್ಞಾನಿ ನಕ್ಷತ್ರದ ಆಚೆಗಿನ ಲೋಕಕ್ಕೆ ಹೋಗಲು ಒಂದು ಯಂತ್ರ ಕಟ್ಟುತ್ತಾನೆ. ಊರಿನ ದೊಡ್ಡವರು ನಗುತ್ತಾರೆ. ಹೆಂಡತಿ ತಟ್ಟೆಯಲ್ಲಿ ಊಟ ತರುತ್ತಾಳೆ, ಅವನು ಮುಟ್ಟುವುದಿಲ್ಲ. ಆಮೇಲೆ ಒಂದು ದಿನ ಮನೆಯ ಗೇಟಿನ ಹತ್ತಿರ ಅವಳ ಎರಡು ಕೈ ಹಿಡಿದು ಏನೋ ಹೇಳಿ, ಯಂತ್ರ ಹತ್ತಿ ಹೋಗಿಬಿಡುತ್ತಾನೆ. ನಾಲ್ಕನೆಯ ರೀಲಿನಲ್ಲಿ ಗಾಜಿನ ತಲೆಯ ಜನರ ನಡುವೆ ಅವನು, ಇಲ್ಲಿ ಗೇಟಿನಲ್ಲಿ ಅವಳು. ಅಲ್ಲಿಗೆ ರೀಲು ಮುಗಿದು ಬೆಡ್‌ಶೀಟು ಬೆಳ್ಳಗಾಗುತ್ತಿತ್ತು. ಆ ಯಂತ್ರ ನಮ್ಮ ಬಚ್ಚಲಿನಲ್ಲಿ ನೀರು ಕಾಯಿಸುವ ತಾಮ್ರದ ಹಂಡೆಯನ್ನೇ ಹೋಲುತ್ತಿತ್ತು. ಹಾಗಾಗಿ ನಮಗೆ ಅದು ಹಂಡೆ ಸಿನೆಮಾ. ಭಾನುವಾರ ಸಂಜೆ ಕಾಫಿ ಗೋದಾಮಿನಲ್ಲಿ ಮೂಟೆಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿ, ಜೀಪಿನ ಬ್ಯಾಟರಿಯಿಂದ ಬಲ್ಬು ಉರಿಸಿ, ವರ್ಷಕ್ಕೆ ಹತ್ತು ಹನ್ನೆರಡು ಸಲವಾದರೂ ನಾವು ಅದನ್ನೇ ನೋಡುತ್ತಿದ್ದೆವು. ಒಣಗಿದ ಚೆರ್ರಿ ಕಾಫಿಯ ಹುಳಿ ವಾಸನೆ, ಕಾದ ಬಲ್ಬಿನ ಮೇಲೆ ಧೂಳು ಸುಡುವ ವಾಸನೆ. ಇವತ್ತಿಗೂ ಯಾವ ಮಲ್ಟಿಪ್ಲೆಕ್ಸಿಗೆ ಹೋದರೂ ನನಗೆ ಅದಿಲ್ಲದೆ ಸಿನೆಮಾ ಶುರುವಾದಂತೆ ಅನಿಸುವುದಿಲ್ಲ.

ತನ್ವಿಯ ಇಂಟರ್ನೆಟ್ಟಿನ ರಿವ್ಯೂಗಳೆಲ್ಲ ನಮ್ಮ ಗೋದಾಮಿನ ಮುಂದೆ ಏನೂ ಅಲ್ಲ. ಊರಿನ ಶಾಲೆಯ ಭಟ್ಟ ಮಾಷ್ಟ್ರು ಪ್ರತಿ ಸಲವೂ ತಪ್ಪದೆ ಬಂದು, ಪ್ರತಿ ಸಲವೂ ಒಂದೇ ಆಕ್ಷೇಪಣೆ ಎತ್ತುತ್ತಿದ್ದರು.

“ನಕ್ಷತ್ರಲೋಕಕ್ಕೆ ಬೂಟು ಹಾಕ್ಕೊಂಡು ಹೋಗುದಾ? ಸಪ್ತರ್ಷಿಗಳು ಇರುವ ಜಾಗ ಅದು. ಬಾಗಿಲಲ್ಲಿ ಬಿಚ್ಚಿ ಇಡ್ಲಿಕ್ಕೆ ಏನು ಕಷ್ಟ ಇವನಿಗೆ?”

“ಅಲ್ಲಿ ಮುಳ್ಳು ಇದ್ದರೆ ಮಾಷ್ಟ್ರೇ?” ಎನ್ನುತ್ತಿದ್ದರು ನಮ್ಮ ಲಾರಿ ಡ್ರೈವರ್ ಉಸ್ಮಾನ್ ಕಾಕ. ಅವರ ಮಟ್ಟಿಗೆ ಗಾಜಿನ ತಲೆಯವರು ಜಿನ್ನ್‌ಗಳು, ಅದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಅವರ ಸಂಕಟ ಬೇರೆ. “ಇಷ್ಟು ದೂರ ಗಾಡಿ ಹೊಡೀತಾನೆ. ಒಂದು ಸ್ಟೆಪ್ನಿ ಇಟ್ಟಿದ್ದಾನಾ ನೋಡಿ, ಪಡಚ್ಚೋನೆ, ದೇವರೇ!”

ಅವ್ವನಿಗೆ ವಿಜ್ಞಾನಿಯ ಮೇಲಾಗಲಿ ಹಂಡೆಯ ಮೇಲಾಗಲಿ ಗಮನವೇ ಇಲ್ಲ. “ಆ ಹೆಂಗಸಿನ ಅಡುಗೆಕೋಣೆ ಒಂದು ಸಲನಾದರೂ ತೋರ್ಸಿಳೊನಾ? ಊಟ ಎಲ್ಲಿಂದ ಬಾದು, ಆಕಾಶದಿಂದನಾ?”

ಆದರೆ ಕೊನೆಯ ಮಾತು ಯಾವಾಗಲೂ ಅತ್ತೆಯದು. ಬೇರೆ ಯಾವ ಜಾಗದಲ್ಲೂ, ಮದುವೆ ಮನೆಯಲ್ಲಾಗಲಿ ಹುತ್ತರಿ ಹಬ್ಬದ ಊಟದಲ್ಲಾಗಲಿ, ಜನ ಅವಳನ್ನು ಬದಿಗೆ ಸರಿಸಿ ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ಗೋದಾಮಿನಲ್ಲಿ ಮಾತ್ರ ಎಲ್ಲರೂ ಕಿವುಡರು, ಅತ್ತೆಗೊಬ್ಬಳಿಗೇ ಕೇಳಿಸುತ್ತಿತ್ತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಅವಳು ಜ್ವರ ಬಿಟ್ಟ ಮೇಲೆ ತಾನೇ ಕಲಿತಿದ್ದಳು. ಅವಳಿಗೆ ಬರುತ್ತಿದ್ದದ್ದು ಒಂದೇ ಭಾಷೆ, ನಮ್ಮ ಮನೆಯ ಅರೆಭಾಷೆ. ಬೆಡ್‌ಶೀಟಿನ ಮೇಲಿನ ಬಿಳಿಯರ ತುಟಿಗಳಲ್ಲೂ ಅವಳು ಅರೆಭಾಷೆಯನ್ನೇ ಓದುತ್ತಿದ್ದಳು. ಮೇಜಿನ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಕೀಲಿಸಿ ನೋಡುತ್ತಾ, ‘ಈಗ ಅಂವ ಹೇಳ್ದ, ಗಂಜಿ ತಣ್ಣಗಾತ್, ತೆಗ್ದುಕೊಂಡು ಹೋಗು’ ಎನ್ನುವಳು. ‘ಆ ಮುದುಕ ಹೇಳ್ದ, ಇವಂಗೆ ಮರ್ಲು’ ಎನ್ನುವಳು. ನಕ್ಕೂ ನಕ್ಕೂ ಉಸ್ಮಾನ್ ಕಾಕ ಮೂಟೆಯ ಮೇಲಿಂದ ಜಾರುತ್ತಿದ್ದರು. ಚಿತ್ರದ ನಡುನಡುವೆ ಇಂಗ್ಲಿಷ್ ಅಕ್ಷರದ ಕಾರ್ಡುಗಳು ಬರುತ್ತಿದ್ದವು, ನಿಜ. ಅವು ಬಂದಾಗ ಚಿಕ್ಕಪ್ಪ ಹಿಡಿಯನ್ನು ಜೋರಾಗಿ ತಿರುಗಿಸಿ ಓಡಿಸಿಬಿಡುತ್ತಿದ್ದರು. ಅಕ್ಷರ ಯಾರಿಗೆ ಬೇಕು, ಅತ್ತೆ ಇರುವಾಗ?

ಗೇಟಿನ ದೃಶ್ಯ ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ಗಡ್ಡದವನು ಹೆಂಡತಿಯ ಕೈ ಹಿಡಿದು ತುಟಿ ಮುಚ್ಚಿ ತೆರೆಯುತ್ತಿದ್ದ, ಒಂದೇ ಮಾತು.

“ಬನ್ನೆ ಅಂತೇಳಿ ಹೇಳ್ದ,” ಎನ್ನುತ್ತಿದ್ದಳು ಅತ್ತೆ.

ಬನ್ನೆ ಎಂದರೆ ಬರುತ್ತೇನೆ. ಮನೆ ಬಿಟ್ಟು ಹೊರಡುವವರು ನಮ್ಮಲ್ಲಿ ಹೋಗುತ್ತೇನೆ ಎನ್ನಬಾರದು, ಬನ್ನೆ ಎನ್ನಬೇಕು. ಅತ್ತೆಯ ಗಂಡ ಮರದ ಲಾರಿಗಳ ಲೆಕ್ಕ ನೋಡುವ ಕೆಲಸದಲ್ಲಿದ್ದವನು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅವಳನ್ನು ತವರಿಗೆ ಕರೆತಂದು ಬಿಟ್ಟು, ರಸ್ತೆ ಬದಿಯಲ್ಲಿ ಬೇಲಿಯ ದಾರಿಗೆ ಗಳ ಅಡ್ಡ ಹಾಕುವ ಉಣುಗೋಲಿನ ಹತ್ತಿರ ನಿಂತು ಅವಳಿಗೆ ಏನೋ ಹೇಳಿ, ಲಾರಿ ಹತ್ತಿ ಹೋದ. ಕೇರಳದ ಗಡಿಯ ಮಾಕುಟ್ಟದ ಗೇಟು ದಾಟಿ ಕೆಳಗಿಳಿದದ್ದನ್ನು ನೋಡಿದವರಿದ್ದಾರೆ. ಅದರಾಚೆಗೆ ಗೊತ್ತಿಲ್ಲ. ಅವನು ಹೇಳಿದ್ದು ಬನ್ನೆ ಎಂದು. ಹತ್ತಿರ ಬೇರೆ ಯಾರೂ ಇರಲಿಲ್ಲ, ನೋಡಿದವಳು ಅತ್ತೆ ಒಬ್ಬಳೇ, ಅವಳ ಕಣ್ಣು ತಪ್ಪುವುದಿಲ್ಲ. ಹಾಗಾಗಿ ಪ್ರತಿದಿನ ನಾಲ್ಕೂವರೆಯ ಬಸ್ಸಿನ ಹೊತ್ತಿಗೆ, ಪಲ್ಪರ್ ಮನೆಯ ಗೋಡೆಯ ಮೇಲಿನ ಬಿಸಿಲು ಯಾವ ಕಲ್ಲಿಗೆ ಬಂತು ಎಂದು ನೋಡಿಕೊಂಡು, ಅವಳು ಕೈತೊಳೆದು, ನಮ್ಮ ಕಡೆ ಉಡುವ ಸೀರೆಯ ಹಿಂದಿನ ನೆರಿಗೆ ಸರಿಮಾಡಿಕೊಂಡು ಉಣುಗೋಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಉಣುಗೋಲಿಗೆ ಮೂರು ಬಿದಿರಿನ ಗಳ. ದನ ನುಗ್ಗದ ಹಾಗೆ ಕೆಳಗಿನ ಎರಡನ್ನು ಹಾಕಿ, ಮೇಲಿನದನ್ನು ಅವಳು ಯಾವಾಗಲೂ ಸರಿಸಿಯೇ ಇಡುವಳು. ಮನುಷ್ಯ ದಾಟಲು ಅಷ್ಟು ಸಾಕು. ಅವ್ವ ಬೈದು ಹಾಕಿ ಬಂದರೂ ಅತ್ತೆ ಹೋಗಿ ಮತ್ತೆ ಸರಿಸಿ ಬರುತ್ತಿದ್ದಳು. ಬಸ್ಸು ಹೋದ ಮೇಲೆ ಅವಳ ಮುಖದಲ್ಲಿ ದುಃಖವನ್ನು ನಾನು ನೋಡಿದ್ದೇ ಇಲ್ಲ. ಇವತ್ತಿನ ಬಸ್ಸಿನಲ್ಲಿ ಬರಲಿಲ್ಲ, ಅಷ್ಟೇ. ಬರುತ್ತೇನೆ ಎಂದವನಿಗೆ ನಾಳೆಯ ಬಸ್ಸು ಇದೆಯಲ್ಲ.

ಅತ್ತೆಗೆ ಮಕ್ಕಳಿಲ್ಲ, ನನಗೆ ಅವಳೇ ಹೆಚ್ಚು. ಅವ್ವ ಅಡುಗೆ, ಕಣ, ಕಾಫಿ ಪಿಕ್ಕಿಂಗಿನ ಹೆಣ್ಣಾಳುಗಳ ಜಗಳ ಇವುಗಳಲ್ಲೇ ಮುಳುಗಿರುತ್ತಿದ್ದಳು. ನನ್ನ ತಲೆ ಬಾಚಿದ್ದು, ಒತ್ತುಶ್ಯಾವಿಗೆಗೆ ಕಾಯಿಹಾಲು ಸುರಿದು ತಿನ್ನಿಸಿದ್ದು, ಮುಳ್ಳು ತೆಗೆದದ್ದು ಅತ್ತೆ. ನಾನು ಅವಳ ಜೊತೆ ಮಾತಾಡಬೇಕಾದರೆ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಹಾಗೆ ನನ್ನ ಬಾಯಿಯನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಆಮೇಲೆ ಯಾರೂ ಇಲ್ಲ, ಮದುವೆಯಾದವನೂ ಸೇರಿ. ಎಂಟಾಗುವಾಗ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಮನೆಯಲ್ಲಿ ಕುಂಞಿ ಆಗಿದ್ದವಳು ಅಲ್ಲಿ ಲಿಲ್ಲಿ ಆದೆ. ಅಲ್ಲಿ ಎಲೊಕ್ಯೂಷನ್ ಕ್ಲಾಸ್ ಎಂದು ಒಂದಿತ್ತು. ಐರಿಷ್ ಸಿಸ್ಟರ್ ಒಬ್ಬರು ಸಣ್ಣ ಕನ್ನಡಿ ಕೈಗೆ ಕೊಟ್ಟು, ಲಿಪ್ಸ್, ಟೀತ್, ಟಂಗ್ ಎಂದು ಒಂದೊಂದು ಅಕ್ಷರಕ್ಕೂ ಬಾಯಿಯ ಆಕಾರ ಕಲಿಸುತ್ತಿದ್ದರು. ಐದನೇ ಸ್ಟ್ಯಾಂಡರ್ಡಿನಲ್ಲಿ ನನಗೆ ಅದರಲ್ಲಿ ಫಸ್ಟ್ ಪ್ರೈಜ್ ಬಂತು. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದವಳು ಸರ್ಟಿಫಿಕೇಟನ್ನು ನಡುಮನೆಯ ಕಂಬಕ್ಕೆ ನಾನೇ ಅಂಟಿಸಿದೆ. ಅದನ್ನು ಓದಬಲ್ಲವರು ಮನೆಯಲ್ಲಿ ಅಪ್ಪ ಒಬ್ಬರೇ ಎಂದುಕೊಂಡಿದ್ದೆ. ಅವರು ಕನ್ನಡಕ ಹುಡುಕುತ್ತಾ ಆಮೇಲೆ ಆಮೇಲೆ ಎಂದರು.

ಆ ಭಾನುವಾರ ಚಿಕ್ಕಪ್ಪ, ಪ್ರೈಜ್ ತಂದವಳಿಗೆ ಎಂದು, ಪ್ರೊಜೆಕ್ಟರಿನ ಹಿಡಿ ನನ್ನ ಕೈಗೆ ಕೊಟ್ಟರು.

“ಒಂದೇ ಹದದಲ್ಲಿ ತಿರುಗ್ಸು ಕುಂಞಿ. ನಿಲ್ಲುಸುಕೆ ಮಾತ್ರ ಆಗ, ಬಲ್ಬಿನ ಬಿಸಿಗೆ ರೀಲು ಸುಡ್ತದೆ. ಅಕ್ಷರ ಬಂದ್ರೆ ಬೇಗ ಬೇಗ.”

ನಾನು ಮೇಜಿನ ಒಂದು ಬದಿಗೆ, ಇನ್ನೊಂದು ಬದಿಗೆ ಅಂಗೈ ಊರಿಕೊಂಡು ಅತ್ತೆ. ಎರಡು ರೀಲು ಚೆನ್ನಾಗಿಯೇ ಹೋಯಿತು. ಅತ್ತೆ ಅವತ್ತು ವಿಶೇಷ ಹುರುಪಿನಲ್ಲಿದ್ದಳು. ಊರಿನ ದೊಡ್ಡವರು ನಗುವ ಜಾಗದಲ್ಲಿ ಅವಳು ಯಾರು ಯಾರಿಗೆ ಏನು ಅಡ್ಡಹೆಸರು ಇಟ್ಟು ಕರೆದರು ಎಂದು ಹೇಳಿದ್ದಕ್ಕೆ ಭಟ್ಟ ಮಾಷ್ಟ್ರೂ ಬಾಯಿಗೆ ಶಾಲು ಒತ್ತಿಕೊಂಡು ನಕ್ಕರು.

“ನಮ್ಮ ದೇವಕ್ಕಿಗೆ ಸಮ ಯಾರೂ ಇಲ್ಲ ಮಾರಾಯ್ರೆ,” ಎಂದರು. ನನ್ನ ಕಡೆ ನೋಡಿ, “ಏನು ಲಿಲ್ಲಿ ಮೇಡಂ? ಕಾನ್ವೆಂಟಿನಲ್ಲಿ ಇಷ್ಟು ಇಂಗ್ಲಿಷ್ ಕಲಿಸ್ತಾರಾ?”

ಎಲ್ಲರೂ ನಕ್ಕರು. ತುಟಿ ನೋಡಿ ಮಾತು ಹಿಡಿದ ಅತ್ತೆಯೂ ನಕ್ಕಳು. ತಮಾಷೆಯ ಮಾತು ಅದು, ಮಗುವನ್ನು ಕೆಣಕುವ ಮಾತು. ಆದರೆ ನನಗೆ ಹತ್ತು ವರ್ಷ, ನನ್ನ ಸರ್ಟಿಫಿಕೇಟನ್ನು ಯಾರೂ ಓದಿರಲಿಲ್ಲ.

ಗೇಟಿನ ದೃಶ್ಯ ಬಂತು. ಗಡ್ಡದವನು ತುಟಿ ಮುಚ್ಚಿ ತೆರೆದ. “ಬನ್ನೆ ಅಂತೇಳಿ ಹೇಳ್ದ,” ಎಂದಳು ಅತ್ತೆ. ಅದರ ಹಿಂದೆಯೇ ಅಕ್ಷರದ ಕಾರ್ಡು ಬಂತು. ನಾನು ಹಿಡಿ ನಿಲ್ಲಿಸಿದೆ.

ಟಕ್ ಎಂದು ನಿಂತ ಆ ಮೌನದಲ್ಲಿ ಬಿಳಿ ಅಕ್ಷರಗಳು ನಡುಗದೆ ನಿಂತಿದ್ದವು. ನಾನು ಸ್ಟೇಜಿನ ಮೇಲೆ ನಿಂತ ಹಾಗೆ ನೆಟ್ಟಗೆ ನಿಂತು ಓದಿದೆ. “ಡು ನಾಟ್ ವೇಯ್ಟ್ ಫಾರ್ ಮಿ. ಐ ಶಲ್ ನಾಟ್ ರಿಟರ್ನ್.” ಮೇಜು ಅಲುಗುವುದು ನಿಂತದ್ದು ಅಂಗೈಗೆ ತಿಳಿದು ಅತ್ತೆ ನನ್ನ ಕಡೆ ತಿರುಗಿದ್ದಳು. ಅವಳು ನನ್ನ ಬಾಯಿ ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಅವಳಿಗೆ ಪೂರ್ತಿ ಎದುರಾಗಿ, ಸಿಸ್ಟರ್ ಕಲಿಸಿದ ಹಾಗೆ ಒಂದೊಂದು ಅಕ್ಷರಕ್ಕೂ ಬಾಯಿಯ ಆಕಾರ ಕೊಟ್ಟು, ಅರೆಭಾಷೆಯಲ್ಲಿ ಹೇಳಿದೆ.

“ಅಂವ ಹೇಳ್ದು ಹಂಗೆ ಅಲ್ಲ ಅತ್ತೆ. ನಂಗೆ ಕಾಯ್ಬೇಡ, ನಾ ಬಾಲೆ.”

ಬಾಲೆ ಎಂದರೆ ಬರುವುದಿಲ್ಲ. ಅತ್ತೆಯ ಮುಖ ಅರಳಿತು.

“ಹಾಂ, ಬನ್ನೆ!” ಎಂದಳು, ಎಲ್ಲರ ಕಡೆಗೂ ತಿರುಗಿ. “ನಾ ಅದೇ ಹೇಳ್ದಲ್ಲ? ಕುಂಞಿನೂ ಅದೇ ಹೇಳ್ದು.”

ಅಲ್ಲಿಗೆ ಬಿಡಬಹುದಿತ್ತು. ಅರವತ್ತು ವರ್ಷದಿಂದ ನಾನು ಆ ಕ್ಷಣಕ್ಕೆ ಹೋಗಿ ನಿಂತು, ಆ ಹುಡುಗಿಯ ಕೈಯನ್ನು ಹಿಡಿಗೆ ಹಚ್ಚಿ ತಿರುಗಿಸಲು ನೋಡುತ್ತಿದ್ದೇನೆ. ಅವಳು ತಿರುಗಿಸುವುದಿಲ್ಲ. ಅವಳು ತಲೆ ಅಲ್ಲಾಡಿಸಿ, ಅತ್ತೆಯ ಗಲ್ಲವನ್ನು, ಅತ್ತೆ ಅವಳ ಗಲ್ಲ ಹಿಡಿಯುತ್ತಿದ್ದ ಹಾಗೆಯೇ ಹಿಡಿದು, ತನ್ನ ಬಾಯಿಯ ಕಡೆ ತಿರುಗಿಸಿಕೊಂಡಳು.

“ಬನ್ನೆ ಅಲ್ಲ. ಬಾ… ಲೆ. ಬಾಲೆ. ಇಲ್ಲೆ, ಬಾಲೆ.” ಕೈಯಿಂದ ಇಲ್ಲ ಎಂದು ಬೀಸಿಯೂ ತೋರಿಸಿದಳು.

ನೀವು ಕನ್ನಡಿ ಹಿಡಿದುಕೊಂಡು ನೋಡಿ. ಬನ್ನೆ, ಬಾಲೆ. ಎರಡಕ್ಕೂ ತುಟಿ ಒಮ್ಮೆ ಮುಚ್ಚುತ್ತದೆ, ಒಮ್ಮೆ ತೆರೆಯುತ್ತದೆ, ನಾಲಗೆ ಹಲ್ಲಿನ ಹಿಂದೆ ಒಮ್ಮೆ ತಾಗಿ ಇಳಿಯುತ್ತದೆ. ನಕಾರ ಲಕಾರದ ವ್ಯತ್ಯಾಸ ಇರುವುದು ಬಾಯಿಯೊಳಗೆ, ದನಿಯಲ್ಲಿ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಮಾತು. ಕಿವಿ ಇದ್ದವರು ಯಾರೂ ಇದನ್ನು ಯೋಚಿಸಿಯೇ ಇರಲಾರರು, ನಾವೂ ಯೋಚಿಸಿರಲಿಲ್ಲ. ಅತ್ತೆಯೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ನನ್ನ ಬಾಯಿಯನ್ನು ಬಿಟ್ಟು, ನನ್ನ ಹಿಂದೆ ಎಲ್ಲೋ, ಗೋದಾಮಿನ ಬಾಗಿಲಿನಿಂದ ಕಾಣುವ ಉಣುಗೋಲಿನ ಕಡೆ ಹೋಯಿತು.

“ಅಯ್ಯೋ, ಸುಡ್ತುಟ್ಟು!” ಎಂದು ಅವ್ವ ಕೂಗಿದಳು. ಬೆಡ್‌ಶೀಟಿನ ಮೇಲೆ ಅಕ್ಷರಗಳ ನಡುವೆ ಕಂದು ಬಣ್ಣದ ಗುಳ್ಳೆಯೊಂದು ಎದ್ದು, ಅಗಲವಾಗುತ್ತಾ, ವೇಯ್ಟ್ ಅನ್ನುವ ಮಾತನ್ನು ತಿಂದು, ಉಳಿದದ್ದನ್ನೂ ತಿನ್ನುತ್ತಿತ್ತು. ಉಸ್ಮಾನ್ ಕಾಕ ಬ್ಯಾಟರಿಯ ವೈರ್ ಕಿತ್ತರು. ಕತ್ತಲಲ್ಲಿ ಸುಟ್ಟ ಕೊಂಬಿನ ಹಾಗೆ ವಾಸನೆ. ಯಾರೋ ಬಾಗಿಲು ಪೂರ್ತಿ ತೆರೆದರು, ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ಅವ್ವ ಅತ್ತೆಯ ಭುಜ ಮುಟ್ಟಿ, “ಮಕ್ಕಳ ಮಾತು ದೇವಕ್ಕಿ, ಇವಳಿಗೆ ಇಂಗ್ಲಿಷ್ ಎಷ್ಟು ಬಾದು,” ಎನ್ನುತ್ತಿದ್ದಳು. ಅತ್ತೆ ಅವಳ ಮುಖ ನೋಡಲಿಲ್ಲ. ನೋಡದಿದ್ದರೆ ಅವಳಿಗೆ ಹೇಳಿದ್ದು ಯಾವುದೂ ಇಲ್ಲ.

ಆ ದಿನ ಊಟಕ್ಕೆ ಅಕ್ಕಿರೊಟ್ಟಿ, ಉಪ್ಪಿನಲ್ಲಿಟ್ಟಿದ್ದ ಬಿದಿರಿನ ಕಣಿಲೆಯ ಪಲ್ಯ, ಹಂದಿಮಾಂಸ. ಬಡಿಸಿದ್ದು ಅತ್ತೆಯೇ. ಪ್ರತಿ ಸಲ ಬಡಿಸುವಾಗ ಎಲ್ಲರ ಮುಖ ನೋಡಿ, ಸಾಕು ಬೇಕು ಎನ್ನುವುದನ್ನು ಬಾಯಿಯಿಂದ ಓದಿ, ಯಾರಿಗೆ ಎಲುಬು, ಯಾರಿಗೆ ಕೊಬ್ಬು ಎಂದು ನೆನಪಿಟ್ಟು ಹಾಕುವವಳು. ಅವತ್ತು ತಟ್ಟೆಗಳನ್ನಷ್ಟೇ ನೋಡಿಕೊಂಡು ಹೋದಳು. ನನಗೆ ಕೊಬ್ಬಿನ ತುಂಡು ಬಂತು. ನಾನು ಕೊಬ್ಬು ತಿನ್ನುವುದಿಲ್ಲ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು? ಅದನ್ನು ನಾನು ಅಗಿಯದೆ ನುಂಗಿದೆ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ನೋಡಿದೆ. ಬಚ್ಚಲಿನ ಹೊರಗೋಡೆಗೆ ಚಿಕ್ಕಪ್ಪ ಶೇವ್ ಮಾಡುವ ಕನ್ನಡಿ ತೂಗುಹಾಕಿರುತ್ತಿತ್ತು. ಅದರೆದುರು ಅತ್ತೆ ನಿಂತಿದ್ದಳು. ಬಾಯಿ ಚಲಿಸುತ್ತಿತ್ತು, ದನಿಯಿಲ್ಲ. ತುಟಿ ಮುಚ್ಚಿ ತೆರೆಯುವಳು, ನಿಲ್ಲಿಸುವಳು. ಮತ್ತೆ ಮುಚ್ಚಿ ತೆರೆಯುವಳು. ಒಂದು ಸಲ ಒಂದು ಮಾತು, ಇನ್ನೊಂದು ಸಲ ಇನ್ನೊಂದು. ಯಾವುದು ಯಾವುದೆಂದು ಹತ್ತು ಹೆಜ್ಜೆ ದೂರದಿಂದ ನನಗೂ ತಿಳಿಯಲಿಲ್ಲ. ಕನ್ನಡಿಗೆ ಇನ್ನೂ ಹತ್ತಿರವಾಗಿ, ಉಸಿರಿಗೆ ಮಂಜು ಹಿಡಿದದ್ದನ್ನು ಸೆರಗಿನಿಂದ ಒರೆಸಿ, ಮತ್ತೆ ನೋಡಿದಳು. ನಾನು ಹೋಗಿ ಅವಳನ್ನು ತಬ್ಬಿಕೊಳ್ಳಬೇಕಿತ್ತು. ಸೌದೆ ರಾಶಿಯ ಹಿಂದೆ ಅಡಗಿ ನಿಂತೆ.

ಗೋದಾಮಿನಲ್ಲಿ ಚಿಕ್ಕಪ್ಪ ಸುಟ್ಟ ತುಂಡನ್ನು ಕತ್ತರಿಸಿ, ರೀಲಿನ ಎರಡು ತುದಿಗಳನ್ನು ಅಂಟಿಸುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ತಲೆ ಎತ್ತದೆಯೇ ಹೇಳಿದರು.

“ಆ ಕಾರ್ಡಿನಲ್ಲಿ ಎಂತ ಬರ್ದುಟ್ಟು ಅಂತ ನಂಗೆ ಗೊತ್ತಿಲ್ಲೆ ಅಂದುಕೊಂಡ್ಯಾ?”

ನಾನು ಮೇಜಿನ ಮೇಲಿದ್ದ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ.

“ಎಂಟನೇ ಕ್ಲಾಸಿನ ಇಂಗ್ಲಿಷಿಗೆ ಅಷ್ಟು ಓದುಕೆ ಆದೆ. ಮೊದಲ ದಿನ, ಒಬ್ಬನೇ ಹಾಕಿ ನೋಡುವಾಗಲೇ ಓದಿದ್ದೆ. ಎಂತಕೆ ಪ್ರತಿ ಸಲ ಬೇಗ ಬೇಗ ತಿರುಗಿಸ್ತಿದ್ದೆ?” ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಲ್ಲಿ ಮುದುಡಿ, ಜೇಬಿಗೆ ಹಾಕಿಕೊಂಡರು. “ಅಕ್ಕಂಗೆ ಹೇಳುವಷ್ಟು ಇಂಗ್ಲಿಷ್ ನಂಗೆ ಬಾದಿಲ್ಲೆ, ಲಿಲ್ಲಿ.”

ಅವರು ನನ್ನನ್ನು ಲಿಲ್ಲಿ ಎಂದು ಕರೆದದ್ದು ಅದೇ ಮೊದಲು. ಆಮೇಲೆ ಅವರಿರುವವರೆಗೂ ಹಾಗೆಯೇ ಕರೆದರು. ಆಮೇಲಿನ ಯಾವ ಬೈಗುಳವೂ ನನಗೆ ಅಷ್ಟು ತಾಗಲಿಲ್ಲ.

ರಜೆ ಇನ್ನೂ ಎರಡು ವಾರ ಉಳಿದಿತ್ತು. ಹಂಡೆ ಸಿನೆಮಾ ಮತ್ತೆ ಒಂದು ಸಲ ಹಾಕಿದರು. ಈಗ ಆ ಕಾರ್ಡು ಇರಲೇ ಇಲ್ಲ. ಗಡ್ಡದವನು ತುಟಿ ಮುಚ್ಚಿ ತೆರೆದು, ಅಂಟಿಸಿದ ಜಾಗದಲ್ಲಿ ಒಮ್ಮೆ ಜಿಗಿದು, ನೇರ ಹಂಡೆ ಹತ್ತಿದ. ಅವನು ಏನು ಬೇಕಾದರೂ ಹೇಳಿರಬಹುದಿತ್ತು. ಕ್ಯಾಮೆರಾದ ಮುಂದೆ ಆ ಮನುಷ್ಯ ನಿಜವಾಗಿ ಹೇಳಿದ್ದು ಏನೋ, ಊಟವಾಯಿತಾ ಎಂದೂ ಇದ್ದೀತು. ಎಲ್ಲರೂ ಅತ್ತೆ ಕೂರುತ್ತಿದ್ದ ಜಾಗದ ಕಡೆ ನೋಡಿದರು. ಅವಳು ಬಂದಿರಲಿಲ್ಲ, ಅಡುಗೆಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಭಟ್ಟ ಮಾಷ್ಟ್ರು ಬೂಟಿನ ಮಾತು ಎತ್ತಲಿಲ್ಲ. ಪೂರ್ತಿ ಚಿತ್ರ, ಆ ಹಲ್ಲು ಮುರಿದ ಚಕ್ರದ ಸದ್ದೊಂದು ಬಿಟ್ಟರೆ, ನಿಜವಾಗಿ ಮೂಕಿಯಾಗಿ ನಡೆದು ಮುಗಿಯಿತು. ನಾಲ್ಕೂವರೆಯ ಬಸ್ಸಿನ ಹೊತ್ತಿಗೆ ಪಲ್ಪರ್ ಮನೆಯ ಗೋಡೆಯ ಮೇಲೆ ಬಿಸಿಲು ಬಂದು ಹೋಗುತ್ತಿತ್ತು. ಅತ್ತೆ ಒಳಗೇ ಇರುತ್ತಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ತಲೆ ಬಾಚಿದಳು, ಜಡೆ ಹಾಕಿದಳು, ಎಣ್ಣೆ ಹಚ್ಚಿದಳು. ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳುವುದೊಂದನ್ನು ಬಿಟ್ಟಳು. ನಾನು ಹೇಳಬೇಕೆಂದಿದ್ದ ಮಾತು, ನಾನು ಓದಿದ್ದು ತಪ್ಪು ಅತ್ತೆ, ಅಕ್ಷರ ಮಸುಕಾಗಿತ್ತು ಎಂಬ ಸುಳ್ಳು, ಪ್ರತಿದಿನ ಬೆಳಿಗ್ಗೆ ಬಾಯಿಯಲ್ಲಿ ತಯಾರಾಗಿ ಇರುತ್ತಿತ್ತು. ನೋಡುವ ಕಣ್ಣೇ ಇಲ್ಲದಿದ್ದರೆ ಯಾರಿಗೆ ಹೇಳುವುದು? ಈಸ್ಟರ್ ರಜೆಗೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ಈಸ್ಟರ್‌ಗೆ ಮೊದಲೇ ಅವಳಿಗೆ ನ್ಯುಮೋನಿಯಾ ಆಯಿತು. ಕಾನ್ವೆಂಟಿನಲ್ಲಿ ಭೇಟಿಗೆ ಬಂದವರನ್ನು ಕೂರಿಸುವ ಪಾರ್ಲರಿನಲ್ಲಿ ಕೂತು ಚಿಕ್ಕಪ್ಪ ನನಗೆ ಹೇಳಿದಾಗ ಎಲ್ಲ ಮುಗಿದು ಐದು ದಿನವಾಗಿತ್ತು.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಜನವರಿಯಲ್ಲಿ, ರಜೆ ಮುಗಿಸಿ ಹೊರಟ ಬೆಳಿಗ್ಗೆ. ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಅವಳೇ ರಸ್ತೆಯವರೆಗೆ ಬಂದಳು. ಇಬ್ಬನಿ ಇನ್ನೂ ಆರಿರಲಿಲ್ಲ. ಬಸ್ಸು ಬಂತು, ಕಂಡಕ್ಟರ್ ಟ್ರಂಕನ್ನು ಮೇಲೆ ಹಾಕಿದ. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನಾನು ಅವಳ ಕಡೆ ತಿರುಗಿದೆ. ಹೊರಡುವವರು ಹೇಳಬೇಕಾದ ಮಾತು ಒಂದೇ, ಅದಕ್ಕೆ ನಮ್ಮಲ್ಲಿ ಬೇರೆ ಮಾತಿಲ್ಲ. ನಾನು ಅದಕ್ಕೆಂದು ತುಟಿ ಮುಚ್ಚಿದೆ. ತೆರೆಯುವ ಮೊದಲೇ ಅತ್ತೆಯ ಅಂಗೈ ಬಂದು ನನ್ನ ಬಾಯಿಯನ್ನು ಮುಚ್ಚಿತು. ಒರಟಾದ, ಹೊಗೆಯ ವಾಸನೆಯ, ಬೆಚ್ಚಗಿನ ಅಂಗೈ.

“ಹೇಳ್ಬೇಡ ಕುಂಞಿ,” ಎಂದಳು. “ಸುಮ್ಮನೆ ಹೋಗು.”

ನಾನು ಅಂಗೈಯ ಒಳಗೇ ಹೇಳಿದೆ. ಪ್ರೊಜೆಕ್ಟರ್ ನಿಂತದ್ದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದ ಅಂಗೈ ಅದು, ತಿಳಿಯಿತೋ ಇಲ್ಲವೋ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಬಸ್ಸಿನ ಚಕ್ರ ನೋಡುತ್ತಿದ್ದಳು. ಕಂಡಕ್ಟರ್ ನನ್ನನ್ನು ಒಳಗೆ ಎಳೆದುಕೊಂಡು ರೈಟ್ ಎಂದ. ನಾನು ಹಿಂದಿನ ಸೀಟಿಗೆ ಓಡಿ, ಗಾಜಿಗೆ ಮುಖ ಒತ್ತಿ ನೋಡಿದೆ. ಅತ್ತೆ ಉಣುಗೋಲು ದಾಟಿ ಒಳಗೆ ಹೋಗಿದ್ದಳು. ಬಗ್ಗಿ ಕೆಳಗಿನ ಗಳ ಹಾಕಿದಳು, ನಡುವಿನದನ್ನು ಹಾಕಿದಳು. ಆಮೇಲೆ ಬೇಲಿಗೆ ಒರಗಿಸಿಟ್ಟಿದ್ದ ಮೇಲಿನ ಗಳವನ್ನು ಎರಡು ಕೈಯಲ್ಲಿ ಎತ್ತಿ, ಅದರ ತೂತು ಎಲ್ಲಿದೆಯೆಂದು ಮರೆತುಹೋದವಳ ಹಾಗೆ ಸ್ವಲ್ಪ ತಡವರಿಸಿ, ಅದನ್ನೂ ಹಾಕಿದಳು.